ನಾರಿಗೆ ತಕ್ಕ ರಾಳ

ಮಿಶ್ರಿಕೋಟಿಯಂಥ ಊರುಗಳಲ್ಲಿ ಗೋಡೆಯ ಮಣ್ಣಿಗೆ ಹೊಟ್ಟು ಕಲಸಿ ತುಳಿಯುವುದೇಕೆ? ಬಿರುಕು ತಡೆಯಲು. ಫೈಬರ್ ಪ್ಲಾಸ್ಟಿಕ್ಕಿನ ಗುಟ್ಟೂ ಅದೇ: ಎಳೆತವನ್ನು ನಾರು ತಾಳುತ್ತದೆ, ರಾಳ ನಾರನ್ನು ಹಿಡಿದಿಡುತ್ತದೆ. ಬಾಗಿಲು, ದೋಣಿಗಳಿಗೆ ಗಾಜಿನ ನಾರು, ಅಗ್ಗದ ಪಾಲಿಯೆಸ್ಟರ್ ರಾಳ ಸಾಕು. 2001ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ‘ತೇಜಸ್’ ವಿಮಾನಕ್ಕೆ ಹಗುರಾದ ಇಂಗಾಲದ ನಾರು, ಎಪಾಕ್ಸಿಯೇ ಬೇಕಾಯಿತು.

ಜೋಡಿ ಮಾತ್ರ ತಪ್ಪಬಾರದು. ಗಾಜಿನ ಚಾಪೆಯ ತುಂಡೆಳೆಗಳನ್ನು ಹಿಡಿದಿರುವ ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿನಲ್ಲಿ ಕರಗುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಅಂಟು ಕರಗದೆ ಎಳೆಗಳು ಸರಿಯಾಗಿ ನೆನೆಯುವುದಿಲ್ಲ. ಅದಕ್ಕೆ ನೇಯ್ದ ಗಾಜಿನ ಬಟ್ಟೆಯೇ ಸರಿ.

ಮಕ್ಕಳು ಪ್ರಯೋಗಕ್ಕಿಳಿದರೆ ಹಿರಿಯರು ಬಳಿಯಲ್ಲಿರಲಿ. ಪಾಲಿಯೆಸ್ಟರಿಗೆ ಹಾಕುವ ಕೋಬಾಲ್ಟ್ ದ್ರಾವಣ, ಪೆರಾಕ್ಸೈಡ್ ಎರಡನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾದೀತು! ಕೋಬಾಲ್ಟನ್ನು ಮೊದಲು ರಾಳದಲ್ಲಿ ಚೆನ್ನಾಗಿ ಕಲಸಿ, ಆಮೇಲಷ್ಟೇ ಪೆರಾಕ್ಸೈಡ್ ಹಾಕಬೇಕು.