ಉಡುಗೊರೆಯ ಚಾಕಲೇಟಿನಲ್ಲಿ ಕೊಕ್ಕೋ ಎಷ್ಟಿದೆ?

ಹಿಂದೆ ನೆಂಟರು ಬಂದರೆ ಮಕ್ಕಳ ಕೈಗೆ ಕಲ್ಲುಸಕ್ಕರೆಯೋ ಕಡಲೆಮಿಠಾಯಿಯೋ ಬೀಳುತ್ತಿತ್ತು. ಮಗ ಪರೀಕ್ಷೆಯಲ್ಲಿ ಪಾಸಾದರೆ ಮನೆಮನೆಗೆ ಪೇಡೆ ಹಂಚುತ್ತಿದ್ದರು. ಇಂದು ಆ ಜಾಗಕ್ಕೆ ಚಾಕಲೇಟು ಬಂದು ಕುಳಿತಿದೆ. ಹುಟ್ಟುಹಬ್ಬದ ದಿನ ಮಗು ಶಾಲೆಗೆ ಒಯ್ಯುವುದು ಚಾಕಲೇಟು. ದೀಪಾವಳಿಗೆ ಪೇಟೆಯ ಅಂಗಡಿಯವರು ಖಾಯಂ ಗಿರಾಕಿಗಳಿಗೆ ಕೊಡುವುದೂ ಚಾಕಲೇಟಿನ ಡಬ್ಬಿ. ಈ ರೂಢಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ತೋಟದಲ್ಲಿ ಕೊಕ್ಕೋ ಬೆಳೆಯುವವರಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ದುಡ್ಡು ಕೊಟ್ಟು ತಂದು ಹಂಚುವ ಆ ಚಾಕಲೇಟಿನಲ್ಲಿ ನಮ್ಮ ಕೊಕ್ಕೋ ಎಷ್ಟಿದೆ ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

ಕೇಳಬೇಕಾದ ಕಾರಣವಿದೆ. ದಕ್ಷಿಣ ಕನ್ನಡ, ಕಾಸರಗೋಡುಗಳ ಅಡಿಕೆ ತೋಟಗಳಲ್ಲಿ ಉಪಬೆಳೆಯಾಗಿ ಕೊಕ್ಕೋ ಹರಡಿದ್ದು 1970ರ ದಶಕದಲ್ಲಿ. 1980ರ ಸುಮಾರಿಗೆ ಬೆಲೆ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು. ಬೇಸತ್ತ ಎಷ್ಟೋ ಮಂದಿ ಫಲ ಕೊಡುವ ಗಿಡಗಳನ್ನೇ ಕಡಿದು ಹಾಕಿದರು. ಆಗ ಖರೀದಿಗೆ ಇಳಿದದ್ದು, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೋ. ಬೀಜ ಕೊಂಡರೆ ಸಾಲದು, ಅದನ್ನು ಚಾಕಲೇಟು ಮಾಡಿ ಮಾರಬೇಕು ಎಂಬುದನ್ನು ಅರಿತು 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ತೆರೆಯಿತು. ಚಾಕಲೇಟು ತಿನ್ನುವವರಿದ್ದರೆ ಮಾತ್ರ ತೋಟದ ಕಾಯಿಗೆ ಬೆಲೆ ಎಂಬ ಪಾಠವನ್ನು ನಮ್ಮ ಬೆಳೆಗಾರರು ಹೀಗೆ ಕಷ್ಟದಿಂದ ಕಲಿತರು.

ಈಗ ಚಾಕಲೇಟಿನ ಬಗೆಗಳನ್ನು ನೋಡೋಣ. ಹುದುಗು ಬರಿಸಿ ಒಣಗಿಸಿದ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಅರೆದರೆ ಕಂದು ಬಣ್ಣದ ಮುದ್ದೆ ಸಿಗುತ್ತದೆ. ಅದರ ತೂಕದಲ್ಲಿ ಸುಮಾರು ಅರ್ಧದಷ್ಟು ಕೊಬ್ಬು. ಇದೇ ಕೊಕ್ಕೋ ಬೆಣ್ಣೆ. ಮುದ್ದೆಯನ್ನು ಒತ್ತಿ ಬೆಣ್ಣೆ ಹಿಂಡಿದರೆ ಉಳಿದ ಹಿಂಡಿಯಿಂದ ಕೊಕ್ಕೋ ಪುಡಿಯಾಗುತ್ತದೆ. ಮುದ್ದೆಗೆ ಇನ್ನಷ್ಟು ಬೆಣ್ಣೆ ಮತ್ತು ಸಕ್ಕರೆ ಸೇರಿಸಿದರೆ ಕಪ್ಪು ಚಾಕಲೇಟು. ಇದು ಸ್ವಲ್ಪ ಕಹಿ. ಜೊತೆಗೆ ಹಾಲಿನ ಪುಡಿಯೂ ಸೇರಿದರೆ ಹಾಲು ಚಾಕಲೇಟು. 1875ರಲ್ಲಿ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಮೊದಲು ಮಾಡಿದ ಈ ಬಗೆಯೇ ನಮ್ಮ ಮಕ್ಕಳಿಗೆ ಹೆಚ್ಚು ಪ್ರಿಯ. ಬರೀ ಕೊಕ್ಕೋ ಬೆಣ್ಣೆ, ಹಾಲಿನ ಪುಡಿ, ಸಕ್ಕರೆಗಳಿಂದ ಮಾಡಿದ್ದು ಬಿಳಿ ಚಾಕಲೇಟು. ಬಣ್ಣ ಬಿಳಿಯಾದರೂ ಅದರಲ್ಲಿರುವ ಬೆಣ್ಣೆ ಕೊಕ್ಕೋ ಬೀಜದ್ದೇ.

ನಾಲ್ಕನೆಯದೊಂದಿದೆ. ವ್ಯಾಪಾರದಲ್ಲಿ ಅದಕ್ಕೆ ಕಾಂಪೌಂಡ್ ಎನ್ನುತ್ತಾರೆ. ಸಕ್ಕರೆ, ತಾಳೆ ಮುಂತಾದ ಸಸ್ಯಗಳ ಗಟ್ಟಿ ಕೊಬ್ಬು, ಬಣ್ಣ ರುಚಿಗಳಿಗೆ ಒಂದಿಷ್ಟು ಕೊಕ್ಕೋ ಪುಡಿ, ಇಷ್ಟೇ ಅದರ ಬಂಡವಾಳ. ನೋಡಲು ಥೇಟು ಚಾಕಲೇಟು. ಆದರೆ ಬೀಜದ ಬೆಲೆಬಾಳುವ ಭಾಗವಾದ ಬೆಣ್ಣೆಗೆ ಅದರಲ್ಲಿ ಸ್ಥಾನವಿಲ್ಲ. ಕೊಕ್ಕೋ ಬೆಣ್ಣೆ ನಮ್ಮ ಮೈಬಿಸಿಗಿಂತ ತುಸು ಕಡಿಮೆ ಶಾಖಕ್ಕೇ ಕರಗುತ್ತದೆ. ಆದ್ದರಿಂದಲೇ ನಿಜವಾದ ಚಾಕಲೇಟು ಬಾಯಲ್ಲಿ ನೀರಾಗುವುದು, ಬೇಸಿಗೆಯಲ್ಲಿ ಜೇಬಿನಲ್ಲೂ ಕರಗುವುದು. ಕಾಂಪೌಂಡ್ ಶಾಖವನ್ನು ಹೆಚ್ಚು ತಡೆಯುತ್ತದೆ, ಬೆಲೆಯೂ ಅಗ್ಗ. ಫ್ರಿಜ್ ಇಲ್ಲದ ಹಳ್ಳಿಯ ಅಂಗಡಿಗೆ ಅದು ಅನುಕೂಲ. ಅದನ್ನು ತಿನ್ನಬಾರದೆಂದು ನಾವು ಹೇಳುತ್ತಿಲ್ಲ. ಆದರೆ ಚಾಕಲೇಟಿನ ಬೆಲೆ ಕೊಟ್ಟು, ಚಾಕಲೇಟೆಂದೇ ತಿಳಿದು, ಇದನ್ನು ತರುವುದು ಬೇಡ.

ತಿಳಿಯುವ ಉಪಾಯ ಸುಲಭ. ಹೊದಿಕೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಒಳಗಿನ ಪದಾರ್ಥಗಳ ಪಟ್ಟಿ ಇರುತ್ತದೆ. ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಎಂಬ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಬಹುತೇಕ ಇಂಗ್ಲಿಷಿನಲ್ಲಿರುವ ಆ ಪಟ್ಟಿಯನ್ನು ಶಾಲೆಗೆ ಹೋಗುವ ಮಗುವಿನಿಂದ ಓದಿಸಿ. ಕೊಕ್ಕೋ ಬಟರ್ ಎಂಬ ಹೆಸರು ಮೊದಲ ಸಾಲುಗಳಲ್ಲೇ ಇದ್ದರೆ ಸರಿ. ಅದರ ಬದಲು ಸಸ್ಯಜನ್ಯ ಕೊಬ್ಬು ಅಥವಾ ಹೈಡ್ರೋಜನೀಕೃತ ಕೊಬ್ಬು ಇದ್ದರೆ ಅದು ಕಾಂಪೌಂಡ್. ದೊಡ್ಡ ಡಬ್ಬಿಯ ಥಳಕಿಗೆ ಮರುಳಾಗದೆ ಒಳಗಿನ ತೂಕವನ್ನೂ ತಯಾರಾದ ದಿನಾಂಕವನ್ನೂ ನೋಡಿ. ಸಕ್ಕರೆ ಕಾಯಿಲೆಯವರಿರುವ ಮನೆಗೆ ಚಾಕಲೇಟಿಗಿಂತ ಹಣ್ಣು ಒಯ್ಯುವುದು ಮೇಲು. ಬಿಸಿಲಿಗೆ ಕರಗಿ ಮತ್ತೆ ಗಟ್ಟಿಯಾದ ಚಾಕಲೇಟಿನ ಮೇಲೆ ಬಿಳಿ ಮಸುಕು ಕಂಡರೆ ಅದು ಬೂಷ್ಟೇ ಆಗಬೇಕಿಲ್ಲ. ಸಾಮಾನ್ಯವಾಗಿ ಅದು ಮೇಲೆ ಬಂದ ಕೊಬ್ಬು. ತಿನ್ನಲು ಅಡ್ಡಿಯಿಲ್ಲ, ಉಡುಗೊರೆ ಕೊಡಲು ಚಂದವಲ್ಲ.

2024ರಲ್ಲಿ ಐವರಿ ಕೋಸ್ಟ್, ಘಾನಾ ದೇಶಗಳಲ್ಲಿ ಫಸಲು ಕೈಕೊಟ್ಟು, ಲೋಕದ ಮಾರುಕಟ್ಟೆಯಲ್ಲಿ ಕೊಕ್ಕೋ ಧಾರಣೆ ಟನ್ನಿಗೆ 10,000 ಡಾಲರು ದಾಟಿತು. ನಮ್ಮ ಹಸಿ ಬೀಜಕ್ಕೂ ಹಿಂದೆ ಕಾಣದ ಬೆಲೆ ಬಂತು. ಆದರೆ ಬೆಲೆ ಏರಿದಾಗ ತಯಾರಕರು ಸುಮ್ಮನಿರಲಿಲ್ಲ. ಹಲವರು ಕೊಕ್ಕೋ ಕಡಿಮೆ ಮಾಡಿ ಬೇರೆ ಕೊಬ್ಬಿನತ್ತ ತಿರುಗಿದರು. 2025ರಲ್ಲಿ ಧಾರಣೆ ಇಳಿಯಿತು. ಗಿರಾಕಿಯ ನಾಲಿಗೆ ಒಮ್ಮೆ ಕಾಂಪೌಂಡಿಗೆ ಒಗ್ಗಿಹೋದರೆ ಅದನ್ನು ಹಿಂದಕ್ಕೆ ತರುವುದು ಕಷ್ಟ. ನಷ್ಟ ಬಂದು ಬೀಳುವುದು ತೋಟದ ಮೇಲೆ.

ಗಿರಾಕಿಯಿಂದ ನಿಷ್ಠೆ ಬಯಸುವ ನಾವೂ ನಮ್ಮ ಪಾಲಿನ ಕೆಲಸ ಸರಿಯಾಗಿ ಮಾಡಬೇಕು. ಚಾಕಲೇಟಿನ ಪರಿಮಳ ಹುಟ್ಟಲು ಆರಂಭವಾಗುವುದು ಕಾರ್ಖಾನೆಯಲ್ಲಲ್ಲ, ಐದಾರು ದಿನಗಳ ಹುದುಗಿನಲ್ಲಿ. ಬಲಿತು ಹಳದಿಯಾದ ಕಾಯಿಗಳನ್ನೇ ಕೊಯ್ಯಿರಿ. ಕತ್ತಿ ಹಾಕಿ ಬೀಜ ಗಾಯಗೊಳಿಸದೆ, ಮರದ ಕೊರಡಿಗೆ ಬಡಿದು ಒಡೆಯಿರಿ. ಮಳೆಗಾಲದ ಕೊಳೆರೋಗ ತಗುಲಿದ ಕಾಯಿಯ ಬೀಜವನ್ನು ಒಳ್ಳೆಯದರೊಡನೆ ಬೆರೆಸಬೇಡಿ. ಹಸಿ ಬೀಜ ಮಾರುವವರು ತಡಮಾಡದೆ ಖರೀದಿ ಕೇಂದ್ರಕ್ಕೆ ಮುಟ್ಟಿಸಿ. ಮನೆಯಲ್ಲೇ ಒಣಗಿಸುವವರು ಹೊಗೆ ತಾಗದಂತೆ ನೋಡಿಕೊಳ್ಳಿ. ಹೊಗೆಯ ವಾಸನೆ ಚಾಕಲೇಟಿನವರೆಗೂ ಬಿಡದು.

ಸಹಕಾರಿ ಸಂಘಗಳಿಗೂ ಒಂದು ಮಾತು. ಮದುವೆ, ಗೃಹಪ್ರವೇಶಗಳಲ್ಲಿ ತಾಂಬೂಲದೊಡನೆ ಕೊಡುವಂಥ ಚಿಕ್ಕ ಚಾಕಲೇಟು ಪೊಟ್ಟಣವನ್ನು ಸಂಘದ ಮಳಿಗೆಗಳಲ್ಲಿಯೇ ಸಿಗುವಂತೆ ಮಾಡಬಾರದೇಕೆ? ಅದರ ಮೇಲೆ ಕೊಕ್ಕೋ ಎಷ್ಟು ಎಂಬುದನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚು ಹಾಕಲಿ. ಅಡಿಕೆ ಬೆಳೆದವನು ತಾಂಬೂಲಕ್ಕೆ ಗೋಟು ಇಡುವುದಿಲ್ಲ, ತನ್ನ ತೋಟದ ಒಳ್ಳೆಯ ಅಡಿಕೆಯನ್ನೇ ಆರಿಸಿ ಇಡುತ್ತಾನೆ. ಕೊಕ್ಕೋ ಬೆಳೆದವನ ಮನೆಯ ಚಾಕಲೇಟಿಗೂ ಅದೇ ಮರ್ಯಾದೆ ಸಲ್ಲಲಿ.