ರಜಸ್ಸೂತಕಕ್ಕೆ ಮಾತ್ರ ಗಂಟಲು ಕಟ್ಟುವುದೇಕೆ?

ಕಳೆದ ಶ್ರಾವಣದಲ್ಲಿ ಮಠದ ಪ್ರವಚನ ಮುಗಿಸಿಕೊಂಡು ಬಂಧುಗಳ ಮನೆಗೆ ಹೋಗಿದ್ದೆ. ಒಂಬತ್ತನೆಯ ತರಗತಿಯ ಮಗಳು ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದಳು. ಅವಳ ಇಷ್ಟಲಿಂಗ ದೇವರ ಜಗುಲಿಯ ಮೇಲಿತ್ತು. “ಹೊರಗಾಗ್ಯಾಳ್ರೀ, ಮೂರು ದಿನ ಲಿಂಗ ಮುಟ್ಟಂಗಿಲ್ಲ” ಎಂದರು ತಾಯಿ. ಪಡಸಾಲೆಯ ಗೋಡೆಗೆ ಬಸವಣ್ಣನವರ ದೊಡ್ಡ ಭಾವಚಿತ್ರ!

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗಿಲ್ಲವೆಂದು ಶರಣರು 12ನೆಯ ಶತಮಾನದಲ್ಲೇ ಸಾರಿದರು. ನಾವು ಉಳಿದ ನಾಲ್ಕನ್ನು ವೇದಿಕೆಯ ಮೇಲೆ ಗಟ್ಟಿಯಾಗಿ ಹೇಳುತ್ತೇವೆ (ಆಚರಣೆಯ ಮಾತು ಬೇರೆ). ರಜಸ್ಸಿನ ಹೆಸರೆತ್ತಲು ಮಾತ್ರ ನಾಚಿಕೆ.

ಈ ನಾಚಿಕೆಯೇ ಮಕ್ಕಳ ಮೈಗೆ ಮುಳುವಾಗಿದೆ. ಆ ಹುಡುಗಿ ತನ್ನ ಬಟ್ಟೆಯನ್ನು ಯಾರ ಕಣ್ಣಿಗೂ ಬೀಳದಂತೆ ಕಟ್ಟಿಗೆಯ ಒಟ್ಟಿಲ ಹಿಂದೆ ಹರವಿದ್ದಳು. ಸೋಪು ಹಚ್ಚಿ ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆಯಿಂದ ತೊಂದರೆಯಿಲ್ಲ. ಹಸಿ ಆರದ ಬಟ್ಟೆಯಿಂದ ತುರಿಕೆ, ಸೋಂಕು. ಪ್ಯಾಡನ್ನಾದರೂ 4ರಿಂದ 6 ತಾಸಿಗೊಮ್ಮೆ ಬದಲಿಸಬೇಕು. ಶಾಲೆಯ ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಎಲ್ಲಿ ಬದಲಿಸಿಯಾಳು?

ಶರಣರ ಮಾತನ್ನು ನೆನಪಿಸಿದೆ. ತಾಯಿ ತಲೆತಗ್ಗಿಸಿ, “ಅಜ್ಜಾರು ಒಂದು ಮಾತು ಹೇಳಿದರ ಈಗ ಕಟ್ಟತೇನ್ರೀ” ಎಂದರು.

ಅದಕ್ಕೇ ಪೂಜ್ಯರನ್ನು ಕೈಮುಗಿದು ಕೇಳುತ್ತೇನೆ. ನಿಮ್ಮ ಹೆಣ್ಣುಮಕ್ಕಳ ಪ್ರಸಾದನಿಲಯದಲ್ಲಿ ನೀರು, ಬಾಗಿಲಿಗೆ ಚಿಲಕ, ಮುಚ್ಚಳವಿರುವ ಕಸದ ಡಬ್ಬಿ, ಬಿಸಿಲು ಬೀಳುವಲ್ಲಿ ಒಂದು ತಂತಿ ಇವೆಯೆ? ಮುಂದಿನ ಲಿಂಗದೀಕ್ಷೆಯ ದಿನ, ಮುಟ್ಟಿನಲ್ಲೂ ಲಿಂಗ ತೆಗೆಯಬೇಡಿರೆಂದು ಪೀಠದಿಂದಲೇ ಹೇಳುವಿರಾ?