ಕೋಟೆಯೊಳಗಿನ ರಾಕೆಟ್, ರೈತನ ಮನೆಯ ರೇಷ್ಮೆ

ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಬಾಬುರಾಯನಕೊಪ್ಪಲು ಸಿಗುತ್ತದೆ. ಇತ್ತೀಚೆಗೆ ನಾವು ಅಲ್ಲಿ ಚಹಾಕ್ಕೆಂದು ಇಳಿದೆವು. ಬೆಳಿಗ್ಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿ ಬಂದಿದ್ದೆವು. ಸಂಜೆ ದರಿಯಾ ದೌಲತ್‌ನ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರದ ಮುಂದೆ ನಿಂತಿದ್ದೆವು. ಈ ಎರಡು ನೋಟಗಳ ನಡುವೆ ನಮ್ಮ ಸಮುದಾಯ ಕಲಿಯಬೇಕಾದ ಪಾಠವೊಂದಿದೆ.

1780ರ ಆ ಯುದ್ಧದಲ್ಲಿ ಮೈಸೂರಿನ ಸೇನೆ ರಾಕೆಟ್‌ಗಳನ್ನು ಬಳಸಿತ್ತು. ರಾಕೆಟ್ ಮೂಲತಃ ಚೀನಾದ ವಿದ್ಯೆ. ಹೈದರಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಕುಶಲಕರ್ಮಿಗಳು ಅದನ್ನು ಇದ್ದಂತೆಯೇ ನಕಲು ಮಾಡಲಿಲ್ಲ. ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿದರು. ಕೊಳವೆ ಹೆಚ್ಚಿನ ಒತ್ತಡವನ್ನು ತಾಳಿತು, ರಾಕೆಟ್ ಹೆಚ್ಚು ದೂರ ಹಾರಿತು. ಎರವಲು ಪಡೆದದ್ದಕ್ಕೆ ತಮ್ಮದನ್ನು ಸೇರಿಸುವುದೆಂದರೆ ಇದು.

ಆದರೆ ಆ ವಿದ್ಯೆ ಅರಸನ ಸೇನೆಗೆ, ಅರಸನ ಕಾರ್ಖಾನೆಗೆ ಅಂಟಿಕೊಂಡಿತ್ತು. 1799ರ ಮೇ 4ರಂದು ಕೋಟೆ ಬಿದ್ದಾಗ ಅದರ ಆಸರೆಯೂ ತಪ್ಪಿತು. ಗೆದ್ದವರು ರಾಕೆಟ್‌ಗಳನ್ನು ಇಂಗ್ಲೆಂಡಿನ ವೂಲ್‌ವಿಚ್‌ಗೆ ಒಯ್ದರು. ವಿಲಿಯಂ ಕಾಂಗ್ರೀವ್ ಅವುಗಳ ಆಧಾರದಲ್ಲಿ ಪ್ರಯೋಗ ನಡೆಸಿ ಸುಧಾರಿಸಿದರು. 1807ರಲ್ಲಿ ಅವರ ರಾಕೆಟ್‌ಗಳು ಕೋಪನ್‌ಹೇಗನ್ ನಗರದ ಮೇಲೆ ಸುರಿದವು. ಸೋತವರಿಂದ ಕಲಿಯಲು ಬ್ರಿಟಿಷರು ನಾಚಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್‌ಗಳು ದೊರೆತವು. ಅವು ತುಕ್ಕು ಹಿಡಿದಿದ್ದವು.

ರೇಷ್ಮೆಯ ಕಥೆ ಬೇರೆ. ಅದೂ ಚೀನಾದ್ದೇ. ಹುಳು ತರಲು ಟಿಪ್ಪು ಸುಲ್ತಾನರು ಬಂಗಾಳಕ್ಕೆ ಜನರನ್ನು ಕಳುಹಿಸಿದರು. ಅವರಲ್ಲಿ ಬಹಾಉದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರ ಹೆಸರು ಸುಲ್ತಾನರ ಪತ್ರದಲ್ಲಿಯೇ ಉಳಿದಿದೆ. ಈ ಕಸುಬು ರೈತನ ಹಿಪ್ಪುನೇರಳೆ ತೋಟಕ್ಕೂ ಹೆಂಗಸರು ಹುಳು ಮೇಯಿಸುವ ತಟ್ಟೆಗಳಿಗೂ ಇಳಿಯಿತು. ಮುಂದೆ ಜಪಾನಿನ ತಳಿಗಳು ಬಂದವು. ರೈತರು ಅವನ್ನು ಮೈಸೂರು ತಳಿಯೊಂದಿಗೆ ಕೂಡಿಸಿದ ಮಿಶ್ರತಳಿಯನ್ನು ಸಾಕಿದರು. ಅರಸ ಹೋದರೂ ರೇಷ್ಮೆ ಹೋಗಲಿಲ್ಲ. ಇಂದು ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚಿ ಬದುಕುವ ಎಷ್ಟೋ ಮುಸ್ಲಿಂ ಕುಟುಂಬಗಳ ಅನ್ನ ಅದೇ ಹುಳುವಿನದ್ದು.

ಆಯುಧವನ್ನು ಜನರ ಕೈಗೆ ಕೊಡಲಾದೀತೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಾವ ಅರಸನೂ ಕೊಡಲಾರ. ಆದರೆ ಕೆಲವರ ಕೈಯಲ್ಲಿಯೇ ಉಳಿದ ವಿದ್ಯೆ ಅವರೊಂದಿಗೇ ಮುಗಿಯುತ್ತದೆ ಎಂಬ ಮಾತು ಇದರಿಂದ ಸುಳ್ಳಾಗುವುದಿಲ್ಲ.

ಹೊರಗಿನದನ್ನು ಪಡೆಯುವುದು ನಮ್ಮ ಪರಂಪರೆಗೆ ಹೊಸತಲ್ಲ. ಕ್ರಿ.ಶ. 627ರಲ್ಲಿ ಮದೀನಾಕ್ಕೆ ಮುತ್ತಿಗೆಯ ಅಪಾಯ ಬಂದಾಗ ಕಂದಕ ತೋಡುವ ಸಲಹೆ ನೀಡಿದವರು ಪರ್ಷಿಯಾದ ಸಲ್ಮಾನ್(ರ). ಅರಬರಿಗೆ ಅದು ಅಪರಿಚಿತ ತಂತ್ರ. ಪ್ರವಾದಿ(ಸ)ಯವರು ಅದನ್ನು ಸ್ವೀಕರಿಸಿದ್ದಷ್ಟೇ ಅಲ್ಲ, ಸಂಗಾತಿಗಳೊಂದಿಗೆ ಸ್ವತಃ ಮಣ್ಣು ಹೊತ್ತರು. ಪರದೇಶದ ಉಪಾಯ ಹೀಗೆ ಇಡೀ ಊರಿನ ಕೆಲಸವಾಯಿತು.

ನಮ್ಮ ಊರುಗಳ ಸ್ಥಿತಿಯನ್ನು ನೋಡೋಣ. ಕೊಲ್ಲಿ ರಾಷ್ಟ್ರಗಳಿಂದ ನಾವು ಅತ್ತರು ತಂದೆವು, ಮದುವೆಯ ಆಡಂಬರ ತಂದೆವು, ಮನೆಯ ಮುಂಭಾಗದ ವಿನ್ಯಾಸವನ್ನೂ ತಂದೆವು. ಇಪ್ಪತ್ತು ವರ್ಷ ಅಲ್ಲಿ ದುಡಿದ ವೆಲ್ಡರ್, ಎಲೆಕ್ಟ್ರಿಷಿಯನ್, ನರ್ಸ್ ಕಲಿತು ಬಂದ ಕೆಲಸವನ್ನು ಮಾತ್ರ ಅವರ ಬೀದಿಯ ಮಕ್ಕಳೂ ಕಲಿಯಲಿಲ್ಲ. ಅದನ್ನು ಕೇಳಿ ಕಲಿಯುವ ವ್ಯವಸ್ಥೆಯನ್ನು ನಾವು ಮಾಡಲಿಲ್ಲ.

ಮದ್ರಸದ ಕೊಠಡಿ ಮಧ್ಯಾಹ್ನ ಖಾಲಿ ಇರುತ್ತದೆ. ವಾರಕ್ಕೆ ಎರಡು ದಿನ ಆ ಹಿರಿಯರನ್ನು ಅಲ್ಲಿ ಕೂರಿಸಿ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕಲಿಸಲು ಏರ್ಪಾಡು ಮಾಡುವುದು ಜಮಾಅತ್ ಸಮಿತಿಗಳಿಗೆ ಅಸಾಧ್ಯವೇ? ಸುಲ್ತಾನರ ಹೆಸರಿನಲ್ಲಿ ಘೋಷಣೆ ಕೂಗುವುದು ಸುಲಭ. ಅವರು ತರಿಸಿದ ಹುಳುವನ್ನು ಹೆಸರಿಲ್ಲದ ರೈತರು ಉಳಿಸಿದರು. ಆ ರೈತರ ಸಾಲಿಗೆ ಸೇರುವುದೇ ನಮಗೆ ಶ್ರೇಯಸ್ಕರ.